ಬ್ರೂನೋಗೆ ಥಂಡಿ ಹತ್ತಿದೆಯಾ? ಚಳಿ ಮುಗಿಯುವ ತನಕ ವಾಕಿಂಗ್ ನಿಲ್ಲಿಸಬೇಕಾ?

ಪ್ರಶ್ನೆ: ನಮ್ಮದು ಗಂಗಾವತಿ. ಮನೆಯಲ್ಲಿ ಎಂಟು ವರ್ಷದ ಲ್ಯಾಬ್ರಡಾರ್ ಇದ್ದಾನೆ, ಹೆಸರು ಬ್ರೂನೋ. ತೂಕ 41 ಕೆ.ಜಿ. ದಿನಾ ಬೆಳಿಗ್ಗೆ ಐದೂವರೆಗೆ ಅವನನ್ನು ಕಾಲುವೆ ದಂಡೆ ಕಡೆ ಕರೆದುಕೊಂಡು ಹೋಗುತ್ತಿದ್ದೆ, ಮುಕ್ಕಾಲು ತಾಸು ನಡಿಗೆ. ಚಳಿ ಶುರುವಾದ ಮೇಲೆ, ಹೆಚ್ಚೂಕಡಿಮೆ ಒಂದು ತಿಂಗಳಿಂದ, ಬೆಳಿಗ್ಗೆ ಏಳಲು ಒಲ್ಲೆ ಅನ್ನುತ್ತಾನೆ. ಎದ್ದರೂ ಹಿಂಗಾಲು ಸೆಟೆದುಕೊಂಡಿರುತ್ತವೆ, ಕುಂಟುತ್ತಾನೆ. ಹತ್ತು ನಿಮಿಷ ನಡೆದ ಮೇಲೆ ಸರಿಹೋಗುತ್ತಾನೆ. ಸಂಜೆ ಮಾತ್ರ ಏನೂ ಆಗಿಲ್ಲ ಅನ್ನುವ ಹಾಗೆ ಮಗನ ಜೊತೆ ಮಾಳಿಗೆ ಮೇಲೆ ಒಂದು ತಾಸು ಚೆಂಡಾಟ ಆಡುತ್ತಾನೆ. ಎರಡು ಮೂರು ದಿನ ಬೆಳಿಗ್ಗೆ ಕೆಮ್ಮಿದ್ದೂ ಇದೆ. ನಮ್ಮ ಅತ್ತೆ, ‘ಅದಕ್ಕ ಥಂಡಿ ಹತ್ತೇತಿ, ಶಿವರಾತ್ರಿ ತನಕ ಹೊರಗ ಒಯ್ಯಬ್ಯಾಡ’ ಅಂತ ಹಟ ಹಿಡಿದಿದ್ದಾರೆ. ಹಳೆಯ ಕೌದಿ ಕತ್ತರಿಸಿ ಅವನಿಗೊಂದು ಅಂಗಿಯನ್ನೂ ಹೊಲಿದಿದ್ದಾರೆ. ಪಕ್ಕದ ಮನೆಯವರು ಎರಡು ಚಮಚ ಬ್ರಾಂದಿ ಕುಡಿಸಿ ಅಂದರು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ನೋವಿನ ಮಾತ್ರೆಯನ್ನು ಒಂದು ದಿನ ಅರ್ಧ ಕೊಟ್ಟೆವು. ಮಗ ಆನ್‌ಲೈನ್‌ನಲ್ಲಿ ಸ್ವೆಟರ್, ಬೂಟು ನೋಡಿಟ್ಟಿದ್ದಾನೆ. ಹೋದ ವಾರ ಕತ್ತಲಲ್ಲಿ ಬೀದಿನಾಯಿಗಳು ಅಟ್ಟಿಸಿಕೊಂಡು ಬಂದವು, ಪುಣ್ಯಕ್ಕೆ ಕಚ್ಚಲಿಲ್ಲ. ಈಗ ನನಗೂ ಗೊಂದಲ. ಚಳಿ ಮುಗಿಯುವ ತನಕ ವಾಕಿಂಗ್ ನಿಲ್ಲಿಸುವುದೇ ಒಳ್ಳೆಯದಾ?

ಉತ್ತರ: ನಿಲ್ಲಿಸಬೇಡಿ. ಹೊತ್ತು ಬದಲಿಸಿ, ದೂರ ಕಡಿಮೆ ಮಾಡಿ. ಆದರೆ ಅದಕ್ಕಿಂತ ಮೊದಲು ಸಂಜೆಯ ಚೆಂಡಾಟ ನಿಲ್ಲಿಸಿ.

ನಿಮಗೆ ಆಶ್ಚರ್ಯ ಆಗಬಹುದು. ಚೆಂಡಾಟದ ಮಾತನ್ನು ನೀವು ಬರೆದದ್ದು ಬ್ರೂನೋ ಆರೋಗ್ಯವಾಗಿದ್ದಾನೆ ಅನ್ನುವುದಕ್ಕೆ ಸಾಕ್ಷಿಯಾಗಿ. ನಾನು ಓದಿದ್ದು ಬೇರೆ ಥರ. ಎಂಟು ವರ್ಷದ, 41 ಕೆ.ಜಿ. ತೂಕದ ನಾಯಿ ನುಣುಪಾದ ಮಾಳಿಗೆ ಮೇಲೆ ಒಂದು ತಾಸು ಓಡುತ್ತದೆ, ಜಿಗಿಯುತ್ತದೆ, ಚೆಂಡು ಹಿಡಿಯಲು ಗಕ್ಕನೆ ತಿರುಗುತ್ತದೆ. ಆಟದ ಹುರುಪಿನಲ್ಲಿ ಅದಕ್ಕೆ ನೋವು ಗೊತ್ತಾಗುವುದಿಲ್ಲ. ಆಮೇಲೆ ರಾತ್ರಿಯೆಲ್ಲ ತಣ್ಣನೆಯ ನೆಲದ ಮೇಲೆ ಮಲಗುತ್ತದೆ. ಬೆಳಿಗ್ಗೆ ಏಳುವಾಗ ಹಿಂದಿನ ಸಂಜೆಯ ಲೆಕ್ಕ ಚುಕ್ತಾ ಮಾಡಬೇಕಾಗುತ್ತದೆ. ನೀವು ಬಾಗಿಲು ತೆಗೆದರೆ ಹೊರಗೆ ಚಳಿ, ಒಳಗೆ ಕುಂಟುವ ನಾಯಿ. ಎರಡನ್ನೂ ಜೋಡಿಸಿ ನೋಡುವುದು ಸಹಜ. ನನ್ನ ಹತ್ತಿರ ಡಿಸೆಂಬರ್, ಜನವರಿಯಲ್ಲಿ ‘ಥಂಡಿ ಹತ್ತೇತಿ ಡಾಕ್ಟ್ರೇ’ ಅಂತ ಬರುವ ದೊಡ್ಡ ನಾಯಿಗಳಲ್ಲಿ ಬಹಳಷ್ಟು ಕೀಲು ಸವೆದ ನಾಯಿಗಳೇ. ಸಂಜೆ ಹವಾ ಹಿತವಾಗಿರುತ್ತದೆ, ಮಕ್ಕಳು ಜಾಸ್ತಿ ಹೊತ್ತು ಆಡಿಸುತ್ತಾರೆ. ಬೇಸಿಗೆಯಲ್ಲಿ ಐದು ನಿಮಿಷಕ್ಕೇ ನಾಲಿಗೆ ಚಾಚಿ ನೆರಳಿಗೆ ಹೋಗುವ ನಾಯಿಗೆ ಈಗ ತಡೆಯೇ ಇರುವುದಿಲ್ಲ.

ಎಲುಬುಗಳು ಕೂಡುವ ಕಡೆ, ಅವುಗಳ ತುದಿಗೆ ನುಣುಪಾದ ಒಂದು ಪದರ ಇರುತ್ತದೆ, ನಡುವೆ ಜಿಗುಟಾದ ದ್ರವ ಇರುತ್ತದೆ. ವಯಸ್ಸು, ತೂಕ, ಹುಟ್ಟಿನಿಂದ ಬಂದ ಕೀಲಿನ ಸಡಿಲ, ಇವುಗಳಿಂದ ಆ ಪದರ ಸವೆಯುತ್ತದೆ. ಲ್ಯಾಬ್ರಡಾರ್‌ಗಳಲ್ಲಿ ಚಪ್ಪೆ (ತೊಡೆ ಸೊಂಟಕ್ಕೆ ಕೂಡುವ ಕೀಲು) ಮತ್ತು ಮುಂಗಾಲಿನ ಮೊಣಕೈ ಕೀಲಿನ ತೊಂದರೆ ವಂಶದಲ್ಲೇ ಬರುವುದು ಹೆಚ್ಚು. ಸವೆದ ಕೀಲು ಅಲ್ಲಾಡದೆ ಕುಳಿತರೆ ಬಿಗಿಯುತ್ತದೆ, ನಡೆಸಿದರೆ ಸಡಿಲಾಗುತ್ತದೆ. ‘ಹತ್ತು ನಿಮಿಷದಲ್ಲಿ ಸರಿಹೋಗುತ್ತಾನೆ’ ಅಂತ ನೀವು ಬರೆದಿರಲ್ಲ, ಕೀಲು ಸವೆತದ ಗುರುತು ಅದೇ. ಮುರಿತ, ಮುಳ್ಳು, ಉಳುಕು ಇದ್ದರೆ ಸಾಮಾನ್ಯವಾಗಿ ನಡೆದಷ್ಟೂ ಕುಂಟುವುದು ಜಾಸ್ತಿಯಾಗುತ್ತದೆ. ಚಳಿಗೆ ಇದರಲ್ಲಿ ಪಾಲೇ ಇಲ್ಲ ಅನ್ನುತ್ತಿಲ್ಲ. ತಣ್ಣಗಾದ ಸ್ನಾಯು ಬಿಗಿಯುತ್ತದೆ, ನಮ್ಮ ಮನೆಯ ಹಿರಿಯರಿಗೆ ಮಂಡಿ ಹಿಡಿದುಕೊಳ್ಳುವ ಹಾಗೆ. ಆದರೆ ಅದು ಇದ್ದ ತೊಂದರೆಯನ್ನು ಎತ್ತಿ ತೋರಿಸುತ್ತದೆ, ಅಷ್ಟೇ.

ಹಾಗಂತ ಪತ್ರ ಓದಿಯೇ ನಿರ್ಧಾರ ಮಾಡುವಂತಿಲ್ಲ. ಇನ್ನೆರಡು ಅನುಮಾನ ಉಳಿಯುತ್ತವೆ. ಒಂದು, ಉಣ್ಣಿ. ಚಳಿಗಾಲದಲ್ಲಿ ಉಣ್ಣಿ ಇರುವುದಿಲ್ಲ ಅನ್ನುವುದು ಹಿಮ ಬೀಳುವ ದೇಶದ ಮಾತು. ನಮ್ಮ ಕಡೆ ಗೋಡೆ ಸಂದಿಯಲ್ಲಿ, ದನದ ಕೊಟ್ಟಿಗೆಯಲ್ಲಿ ವರ್ಷಪೂರ್ತಿ ಬದುಕುತ್ತವೆ. ಉಣ್ಣಿ ಕಚ್ಚಿ ಬರುವ ಎರ್ಲಿಕಿಯಾ ಜ್ವರದಲ್ಲೂ ಕೀಲು ಬಾತು ನಾಯಿ ಕುಂಟುತ್ತದೆ. ಊಟ ಬಿಡುವುದು, ವಸಡು ಬಿಳಚುವುದು, ಮೂಗಿನಿಂದ ರಕ್ತ ಬರುವುದು, ಒಂದು ದಿನ ಒಂದು ಕಾಲು ಇನ್ನೊಂದು ದಿನ ಇನ್ನೊಂದು ಕಾಲು ಕುಂಟುವುದು ಕಂಡರೆ ಅದನ್ನೇ ಮೊದಲು ನೋಡಬೇಕು. ಕಿವಿಯ ಒಳಮಡಿಕೆ, ಬೆರಳ ಸಂದಿ, ಕೊರಳಪಟ್ಟಿಯ ಕೆಳಗೆ ಇವತ್ತೇ ಕೈಯಾಡಿಸಿ ನೋಡಿ. ಇನ್ನೊಂದು, ಥೈರಾಯ್ಡ್. ನಡುವಯಸ್ಸು ದಾಟಿದ ನಾಯಿ ಅಷ್ಟೇ ಊಟ ಮಾಡಿದರೂ ದಪ್ಪಗಾಗುತ್ತಾ, ಮಂಕಾಗುತ್ತಾ, ಸದಾ ಬಿಸಿಲು ಹುಡುಕುತ್ತಾ ಮಲಗಿದರೆ, ಅದಕ್ಕೆ ನಿಜವಾಗಿಯೂ ಚಳಿ ಜಾಸ್ತಿ ಆಗುತ್ತಿರಬಹುದು. ಥೈರಾಯ್ಡ್ ಕಡಿಮೆಯಾದಾಗ ಮೈ ಕಾವು ಹುಟ್ಟುವುದೇ ಕಡಿಮೆ. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಮಾತ್ರೆಗೆ ಚೆನ್ನಾಗಿ ಬಗ್ಗುತ್ತದೆ.

ಇನ್ನು ಚಳಿಯ ವಿಷಯ. ನಮ್ಮ ಕಡೆ ಡಿಸೆಂಬರ್, ಜನವರಿಯ ಬೆಳಗಿನ ಜಾವ ಸಾಮಾನ್ಯವಾಗಿ 15ರಿಂದ 17 ಡಿಗ್ರಿ. ಶೀತಗಾಳಿ ಬೀಸಿದ ದಿನ 11, 12ಕ್ಕೆ ಇಳಿಯಬಹುದು. ಮಧ್ಯಾಹ್ನ ಮತ್ತೆ 30ರ ಹತ್ತಿರ. ಮೇ ತಿಂಗಳಲ್ಲಿ 40 ದಾಟುವ ಊರಿನಲ್ಲಿ ಬೆಳೆದ ನಮಗೆ 15 ಅಂದರೆ ಹಲ್ಲು ಕಟಕಟ. ಲ್ಯಾಬ್ರಡಾರ್‌ಗೆ ಅದು ಹಿತವಾದ ಹವಾ. ಆ ತಳಿಯ ಹಿರಿಯರು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಮೀನುಗಾರರ ಜೊತೆ ಕೊರೆಯುವ ನೀರಿಗೆ ಧುಮುಕಿ ಬಲೆ, ಮೀನು ಎಳೆದು ತರುತ್ತಿದ್ದ ನಾಯಿಗಳು. ಮೈಮೇಲೆ ಎರಡು ಪದರದ ಕೂದಲು. ಹೊರಗಿನದು ಒರಟು, ಒಳಗಿನದು ಹತ್ತಿಯಂಥದ್ದು. ದೊಡ್ಡ, ಆರೋಗ್ಯವಂತ ನಾಯಿಗೆ ಚಳಿಯ ಬಗ್ಗೆ ಯೋಚನೆ ಮಾಡಬೇಕಾದದ್ದು ಸುಮಾರು 7 ಡಿಗ್ರಿಗಿಂತ ಕೆಳಗೆ ಹೋದಾಗ. ಪಾದವೂ ಅಷ್ಟೇ. ಪಾದಕ್ಕೆ ಇಳಿಯುವ ಬಿಸಿ ರಕ್ತ, ಅಲ್ಲಿಂದ ಮೇಲೆ ಬರುವ ತಣ್ಣನೆಯ ರಕ್ತಕ್ಕೆ ಪಕ್ಕದಲ್ಲೇ ಕಾವು ಕೊಟ್ಟು ಹೋಗುವ ಹಾಗೆ ನಾಳಗಳು ಹೆಣೆದುಕೊಂಡಿವೆ. ಅದಕ್ಕೇ ತಣ್ಣನೆಯ ನೆಲದ ಮೇಲೆ ನಿಂತರೂ ನಾಯಿಯ ಮೈ ಕಾವು ಇಳಿಯುವುದಿಲ್ಲ.

ನಿಮ್ಮ ಮಗ ಬೂಟು ಹುಡುಕಿದ್ದು ಎಲ್ಲಿ ಓದಿ ಅಂತ ಊಹಿಸಬಲ್ಲೆ. ಚಳಿಗಾಲದ ನಾಯಿ ಆರೈಕೆ ಅಂತ ಹುಡುಕಿದರೆ ಸಿಗುವುದೆಲ್ಲ ಹಿಮದ ನಾಡಿನ ಸಲಹೆ. ಅಲ್ಲಿ ರಸ್ತೆಯ ಹಿಮ ಕರಗಿಸಲು ಉಪ್ಪು ಚೆಲ್ಲುತ್ತಾರೆ, ಅದು ಪಾದ ಸುಡುತ್ತದೆ, ಅದಕ್ಕೆ ಬೂಟು. ನಮ್ಮಲ್ಲಿ ಉಪ್ಪು ಬೀಳುವುದು ಮಿರ್ಚಿ ಮೇಲೆ. ದುಡ್ಡು ಉಳಿಸಿ. ಸ್ವೆಟರ್ ಕೂಡ ಬ್ರೂನೋಗೆ ಬೇಡ. ಅದು ಬೇಕಾದ ನಾಯಿಗಳು ಬೇರೆ: ತೆಳ್ಳನೆಯ ಚರ್ಮ, ಕೊಬ್ಬೇ ಇಲ್ಲದ ಮುಧೋಳ, ಡಾಬರ್‌ಮನ್, ಸಣ್ಣ ಮರಿ, ಕಾಯಿಲೆಯಿಂದ ಸೊರಗಿದ್ದು, ಆಪರೇಷನ್‌ಗೆ ಕೂದಲು ಬೋಳಿಸಿದ್ದು. ಅವಕ್ಕೆ ಹಾಕಿದರೂ ಬಿಸಿಲೇರಿದ ಮೇಲೆ ತೆಗೆಯಬೇಕು. ಮಂಜಿಗೆ ಒದ್ದೆಯಾದ ಸ್ವೆಟರ್ ಹಾಕಿಸುವುದಕ್ಕಿಂತ ಬರೀ ಮೈ ವಾಸಿ.

ಅತ್ತೆಯವರ ಕೌದಿಯನ್ನು ಮಾತ್ರ ಬಿಡಬೇಡಿ. ಅದು ಮೈಮೇಲೆ ಇರುವ ಬದಲು ಮೈ ಕೆಳಗೆ ಬರಬೇಕು, ಅಷ್ಟೇ ವ್ಯತ್ಯಾಸ. ಗ್ರಾನೈಟ್, ಟೈಲ್ಸ್, ಪರಸಿ ಕಲ್ಲು ರಾತ್ರಿ ಮೈ ಕಾವು ಹೀರುತ್ತವೆ, ಮೇಲಾಗಿ ಗಟ್ಟಿ. ಚಪ್ಪೆ, ಮೊಣಕೈಗೆ ಮೆತ್ತಗೆ ಏನೂ ಇಲ್ಲದಿದ್ದರೆ ಕೀಲು ಇನ್ನಷ್ಟು ಬಿಗಿಯುತ್ತದೆ. ಕೆಳಗೆ ಎರಡು ಗೋಣಿಚೀಲ, ಮೇಲೆ ಮಡಚಿದ ಕೌದಿ, ಗಾಳಿ ನೇರ ಬೀಸದ ಮೂಲೆ. ಏಳುವ ಜಾಗದಲ್ಲಿ ಕಾಲು ಜಾರದಂತೆ ಒಂದು ಚಾಪೆಯನ್ನೋ ರಬ್ಬರ್ ಹಾಸನ್ನೋ ಹಾಕಿ. ಸವೆದ ಚಪ್ಪೆಯ ನಾಯಿಗೆ ಟೈಲ್ಸ್ ಮೇಲೆ ಏಳುವುದೇ ಬೆಳಗಿನ ಅತಿ ಕಷ್ಟದ ಕೆಲಸ. ಎಷ್ಟೋ ಸಲ ನಾವು ಸೋಮಾರಿತನ ಅಂದುಕೊಳ್ಳುವುದು ಜಾರುವ ಭಯವನ್ನು.

ಈಗ ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ ಸಾಲಿಗೆ ಬರುತ್ತೇನೆ. ಆ ಅರ್ಧ ಮಾತ್ರೆ. ಮನುಷ್ಯರ ನೋವಿನ ಮಾತ್ರೆ ನಾಯಿಗೆ ಕೊಡಬಾರದು. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಯಾವುದೇ ಇರಲಿ. ನಾಯಿಯ ಮೈ ಇವನ್ನು ನಮ್ಮಂತೆ ಬೇಗ ಹೊರಹಾಕುವುದಿಲ್ಲ. ಹೊಟ್ಟೆ, ಕರುಳಿನಲ್ಲಿ ಹುಣ್ಣಾಗಿ ಒಳಗೇ ರಕ್ತ ಸುರಿಯುತ್ತದೆ, ಮೂತ್ರಪಿಂಡ ಕೆಡುತ್ತದೆ. ಎಷ್ಟೋ ಮಾತ್ರೆಗಳಲ್ಲಿ ಎರಡು ಔಷಧ ಸೇರಿರುತ್ತವೆ, ಜೊತೆಗೆ ಪ್ಯಾರಾಸಿಟಮಾಲ್ ಇದ್ದರೆ ಯಕೃತ್ತಿಗೂ ಪೆಟ್ಟು. ಹೆದರಿಸಲು ಹೇಳುತ್ತಿಲ್ಲ. ಒಂದು ದಿನದ ಅರ್ಧ ಮಾತ್ರೆಯನ್ನು ಆ ತೂಕದ ನಾಯಿ ತಡೆದುಕೊಂಡಿರಬಹುದು. ಆದರೆ ಕಕ್ಕಸು ಡಾಂಬರಿನಂತೆ ಕಪ್ಪಗಾಗಿದೆಯಾ, ವಾಂತಿ ಇದೆಯಾ, ಊಟ ಬಿಟ್ಟಿದ್ದಾನಾ, ನೀರು ವಿಪರೀತ ಕುಡಿಯುತ್ತಿದ್ದಾನಾ ನೋಡಿ. ಒಂದು ಹೌದಾದರೂ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಏನೂ ಇಲ್ಲದಿದ್ದರೂ ಆ ಮಾತ್ರೆಯ ಪಟ್ಟಿಯನ್ನು ಜೊತೆಗೆ ಒಯ್ದು ತೋರಿಸಿ, ಮುಚ್ಚಿಡಬೇಡಿ. ಒಂದು ನೋವಿನ ಔಷಧದ ಬೆನ್ನಿಗೇ ಇನ್ನೊಂದು ಕೊಡುವಂತಿಲ್ಲ, ನಡುವೆ ಕೆಲವು ದಿನ ಬಿಡಬೇಕು. ನೀವು ಹೇಳದಿದ್ದರೆ ಅವರಿಗೆ ತಿಳಿಯುವುದಿಲ್ಲ.

ಬ್ರಾಂದಿಯದೂ ಹಳೆಯ ನಂಬಿಕೆ. ಕುಡಿದಾಗ ಮೈ ಬೆಚ್ಚಗಾದಂತೆ ಅನಿಸುವುದು ಚರ್ಮದ ರಕ್ತನಾಳ ಹಿಗ್ಗುವುದರಿಂದ. ಒಳಗಿನ ಕಾವು ಹೊರಗೆ ಹೋಗುತ್ತಿರುತ್ತದೆ, ಅದು ಗೊತ್ತಾಗುವುದಿಲ್ಲ. ನಾಯಿಗೆ ಅಲ್ಪ ಮದ್ಯವೂ ಸಕ್ಕರೆ ಅಂಶ ಇಳಿಸಿ, ತೂರಾಡಿಸಿ, ಉಸಿರು ಮಂದ ಮಾಡಬಲ್ಲದು. ಮರಿಗಳಿಗಂತೂ ಜೀವಕ್ಕೇ ಅಪಾಯ. ಕಾಲಿಗೆ ನೋವಿನ ಬಾಮ್, ಕರ್ಪೂರದ ಎಣ್ಣೆ ತಿಕ್ಕುವವರೂ ಇದ್ದಾರೆ. ನಾಯಿ ಮಾಡುವ ಮೊದಲ ಕೆಲಸ ಅದನ್ನು ನೆಕ್ಕುವುದು. ಕರ್ಪೂರವೂ ವಿಷ, ಬಾಮಿನ ಘಾಟು ಎಣ್ಣೆಯೂ ವಿಷ. ಕೈಯಲ್ಲಿ ಏನೂ ಹಚ್ಚದೆ ತೊಡೆಯನ್ನು ಮೆತ್ತಗೆ ಐದು ನಿಮಿಷ ನೀವಿ, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕಾವು ಕೊಡಿ. ಬಟ್ಟೆ ನಿಮ್ಮ ಮುಂಗೈಗೆ ಹಿತ ಅನಿಸುವಷ್ಟು ಬಿಸಿ ಇದ್ದರೆ ಸಾಕು. ಅಂದಹಾಗೆ, ನಾಯಿಯ ಸಹಜ ಕಾವೇ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್, ನಮಗಿಂತ ಜಾಸ್ತಿ. ಕಿವಿ ಮುಟ್ಟಿ ‘ಜ್ವರ ಬಂದಿದೆ’ ಅನ್ನುವುದಕ್ಕೂ, ಮೂಗು ತಣ್ಣಗಿದೆ ಅಂತ ಹೆದರುವುದಕ್ಕೂ ಅರ್ಥವಿಲ್ಲ.

ಕೆಮ್ಮು ಎರಡು ಮೂರು ದಿನ ಬಂದು ಹೋಗಿದ್ದರೆ ಧೂಳು, ಹೊಗೆ ಇರಬಹುದು. ಚಳಿಗಾಲದ ಬೆಳಗಿನ ಜಾವ ನೆಲಕ್ಕೆ ಹತ್ತಿದ ಗಾಳಿ ತಣ್ಣಗೆ ಭಾರವಾಗಿ ಅಲ್ಲೇ ಕೂತಿರುತ್ತದೆ. ಕಸ ಸುಟ್ಟ ಹೊಗೆ, ಲಾರಿ ಎಬ್ಬಿಸಿದ ಧೂಳು ಮೇಲೇರುವುದಿಲ್ಲ. ಬಿಸಿಲು ಬಿದ್ದ ಮೇಲಷ್ಟೇ ಚದುರುತ್ತದೆ. ಗಂಟಲಲ್ಲಿ ಎಲುಬು ಸಿಕ್ಕಿದಂತೆ ಒಣಗಿ ಕೆಮ್ಮಿ ಕೊನೆಗೆ ನೊರೆ ಕಾರಿದರೆ ಅದು ನಾಯಿಯಿಂದ ನಾಯಿಗೆ ಅಂಟುವ ಕೆನಲ್ ಕೆಮ್ಮು. ಅದು ಬರುವುದು ರೋಗಾಣುವಿನಿಂದ, ತಣ್ಣನೆಯ ಗಾಳಿಯಿಂದಲ್ಲ. ಬಹಳಷ್ಟು ಸಲ ಒಂದೆರಡು ವಾರದಲ್ಲಿ ತಾನೇ ಇಳಿಯುತ್ತದೆ, ಅಲ್ಲಿಯ ತನಕ ಬೇರೆ ನಾಯಿಗಳಿಂದ ದೂರ ಇಡಿ. ರಾತ್ರಿ ಮಲಗಿದಾಗ ಕೆಮ್ಮುವುದು, ಸ್ವಲ್ಪ ನಡೆದರೂ ಕೂತುಬಿಡುವುದು, ಹೊಟ್ಟೆ ಉಬ್ಬುವುದು ಕಂಡರೆ ಹೃದಯ ಪರೀಕ್ಷೆ ಬೇಕು. ಕೊರಳಿಗೆ ಕಟ್ಟುವ ಪಟ್ಟಿ ಎಳೆದಾಗಲೂ ಕೆಮ್ಮು ಬರುತ್ತದೆ. ಎದೆಗೆ ಸುತ್ತುವ ಬೆಲ್ಟ್ ತನ್ನಿ, ಅದು ಚಪ್ಪೆ ನೋವಿನ ನಾಯಿಯನ್ನು ಎಬ್ಬಿಸಲೂ ಅನುಕೂಲ.

ಬೀದಿನಾಯಿಗಳ ಕತೆ. ಬ್ರೂನೋ ಬೆಳಿಗ್ಗೆ ಏಳಲು ಒಲ್ಲೆ ಅನ್ನುವುದರಲ್ಲಿ ಹೆದರಿಕೆಯೂ ಒಂದು ಪಾಲು ಇರಬಹುದು. ಗುರುತಿಸುವುದು ಸುಲಭ. ಮಲಗಿದಲ್ಲಿಂದ ಏಳಲು ಕಷ್ಟಪಟ್ಟರೆ ನೋವು. ಸಲೀಸಾಗಿ ಎದ್ದು, ಗೇಟಿನ ತನಕ ಬಂದು, ಬಾಲ ಮಡಚಿ ಹಿಂದಕ್ಕೆ ಎಳೆದರೆ ಹೆದರಿಕೆ. ದೀಪಾವಳಿಯ ಪಟಾಕಿ ಸದ್ದಿಗೆ ಬೆದರಿದ ನಾಯಿಗಳೂ ತಿಂಗಳುಗಟ್ಟಲೆ ಹೀಗೆ ಮಾಡುತ್ತವೆ. ಬೀದಿಯಲ್ಲಿ ಮಳೆಗಾಲದ ಕೊನೆಗೆ ಹೆಣ್ಣುನಾಯಿಗಳು ಕೂಡುತ್ತವೆ, ಗರ್ಭ ಸುಮಾರು 63 ದಿನ. ಲೆಕ್ಕ ಹಾಕಿದರೆ ಮರಿಗಳು ಹುಟ್ಟುವುದು ಸರಿಯಾಗಿ ಈ ಚಳಿಗೆ. ಮರಿ ಹಾಕಿದ ತಾಯಿ ತನ್ನ ಓಣಿಗೆ ಬೇರೆ ನಾಯಿ ಕಾಲಿಟ್ಟರೆ ಬಿಡುತ್ತದಾ? ನಿಮಗೆ ದಿನಾ ಬಾಲ ಅಲ್ಲಾಡಿಸುವ ಅದೇ ನಾಯಿ ಬ್ರೂನೋ ಜೊತೆಗಿದ್ದರೆ ಮೈಮೇಲೆ ಬರುತ್ತದೆ. ಎಲ್ಲಿ ಮರಿ ಇವೆ ನೋಡಿಕೊಂಡು ಆ ಓಣಿ ಎರಡು ತಿಂಗಳು ಬಿಡಿ. ಅಟ್ಟಿಸಿಕೊಂಡು ಬಂದರೆ ಓಡಬೇಡಿ, ಕಲ್ಲು ಎತ್ತಬೇಡಿ. ಬ್ರೂನೋನನ್ನು ನಿಮ್ಮ ಬೆನ್ನ ಹಿಂದೆ ಎಳೆದುಕೊಂಡು ನಿಧಾನ ಹಿಂದೆ ಸರಿಯಿರಿ. ಹಲ್ಲು ತಾಗಿದ್ದರೆ, ಗೀರೇ ಆಗಲಿ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ನಾಯಿಗಾದರೂ, ನಿಮಗಾದರೂ ಇದೇ. ಬ್ರೂನೋಗೆ ಪ್ರತಿವರ್ಷ ರೇಬಿಸ್ ಲಸಿಕೆ ಹಾಕಿಸಿದ್ದರೂ ಕಚ್ಚಿಸಿಕೊಂಡ ಮೇಲೆ ಮತ್ತೆ ಹಾಕಿಸಬೇಕು. ನಿಮಗೆ ಕಚ್ಚಿದ್ದರೆ ಅವತ್ತೇ ಆಸ್ಪತ್ರೆ. ಅರಿಸಿನ, ಸುಣ್ಣ, ಮೆಣಸಿನಪುಡಿ ಗಾಯಕ್ಕೆ ಹಾಕಬೇಡಿ.

ಐದೂವರೆಗೆ ಹೋಗುವುದನ್ನು ಬಿಡಿ ಅನ್ನಲು ಇದೇ ದೊಡ್ಡ ಕಾರಣ. ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದು ಆರೂ ಮುಕ್ಕಾಲರ ಸುಮಾರಿಗೆ. ಐದೂವರೆ ಅಂದರೆ ನಡುರಾತ್ರಿಯಷ್ಟೇ ಕತ್ತಲು. ನಿಮ್ಮ ಮನೆ ಆನೆಗುಂದಿ ಕಡೆಯ ಗುಡ್ಡಗಳ ಮಗ್ಗುಲಲ್ಲಿದ್ದರೆ ಇನ್ನೊಂದು ಮಾತು. ಆ ಬಂಡೆಗಳ ನಡುವೆ ಚಿರತೆ ಓಡಾಡುವುದು ಹೊಸದೇನಲ್ಲ, ಚಿರತೆಗೆ ನಾಯಿ ಇಷ್ಟದ ಬೇಟೆ. ಕತ್ತಲಲ್ಲಿ ನಾಯಿ ಜೊತೆ ಆ ಕಡೆ ಹೋಗಲೇಬಾರದು.

ಏಳೂಕಾಲಕ್ಕೆ ಹೊರಡಿ. ಹೊರಡುವ ಮುಂಚೆ ಅಂಗಳದಲ್ಲೇ ಎರಡು ಸುತ್ತು, ಬಹಳ ನಿಧಾನ. ಆಮೇಲೆ ಸಮತಟ್ಟಾದ ಮಣ್ಣಿನ ದಾರಿಯಲ್ಲಿ 15ರಿಂದ 20 ನಿಮಿಷ. ಸಂಜೆ ಐದಕ್ಕೆ ಮತ್ತೆ ಅಷ್ಟೇ. ಒಂದೇ ಸಲ ಮುಕ್ಕಾಲು ತಾಸು ನಡೆಸುವುದಕ್ಕಿಂತ ಎರಡು ಸಣ್ಣ ನಡಿಗೆ ಸವೆದ ಕೀಲಿಗೆ ಒಳ್ಳೆಯದು. ದಿನಾ ಒಂದೇ ಅಳತೆ ಇರಲಿ. ವಾರವೆಲ್ಲ ಕಟ್ಟಿಹಾಕಿ ಭಾನುವಾರ ಮೂರು ಕಿ.ಮೀ. ಎಳೆದುಕೊಂಡು ಹೋಗುವುದು ಎಲ್ಲಕ್ಕಿಂತ ಕೆಟ್ಟದ್ದು. ಅಂಜನಾದ್ರಿಯ 575 ಮೆಟ್ಟಿಲು ನೀವು ಹತ್ತಿ, ಅವನು ಮನೆಯಲ್ಲಿರಲಿ. ಮಧ್ಯಾಹ್ನ ಹನ್ನೊಂದರ ಮೇಲೆ ಡಾಂಬರು ಚಳಿಗಾಲದಲ್ಲೂ ಕಾಯುತ್ತದೆ. ಅಂಗೈಯ ಹಿಂಬದಿ ಏಳು ಸೆಕೆಂಡು ಇಟ್ಟು ನೋಡಿ, ತಡೆಯಲು ಆಗದಿದ್ದರೆ ಅವನ ಪಾದಕ್ಕೂ ಆಗದು. ಚಳಿಯಲ್ಲಿ ನಾಯಿ ನೀರು ಕಡಿಮೆ ಕುಡಿಯುತ್ತದೆ. ಉಗುರುಬೆಚ್ಚಗಿನ ನೀರಿಟ್ಟರೆ ಕುಡಿದೀತು.

ಕಾಲುವೆ ದಂಡೆ ನಡೆಯಲು ಚೆಂದ, ಆದರೆ ಬೆಲ್ಟ್ ಬಿಡಬೇಡಿ. ಎಡದಂಡೆ ಕಾಲುವೆಯ ಸಿಮೆಂಟ್ ಇಳಿಜಾರು ಪಾಚಿ ಕಟ್ಟಿರುತ್ತದೆ. ಲ್ಯಾಬ್ರಡಾರ್ ನೀರು ಕಂಡರೆ ಧುಮುಕುತ್ತದೆ, ಈಜುತ್ತದೆ, ಮೇಲೆ ಹತ್ತಲು ಆಗುವುದಿಲ್ಲ. ನೋವಿನ ಹಿಂಗಾಲಿನ ನಾಯಿಗಂತೂ ಅಸಾಧ್ಯ. ಇದೇ ಹೊತ್ತಿನಲ್ಲಿ ಭತ್ತದ ಕೊಯ್ಲು ಮುಗಿದಿರುತ್ತದೆ. ಗದ್ದೆಯ ಕೂಳೆ ಮೊನಚಾಗಿರುತ್ತದೆ, ಪಾದ ಕೊಯ್ಯುತ್ತದೆ. ಬದುವಿನ ಬಿಲಗಳಿಗೆ ಇಲಿ ಪಾಷಾಣ ಇಟ್ಟಿರುತ್ತಾರೆ. ಪಾಷಾಣ ಬೆರೆಸಿದ ಅಕ್ಕಿಯನ್ನೋ, ಅದನ್ನು ತಿಂದು ಸತ್ತ ಇಲಿಯನ್ನೋ ನಾಯಿ ಬಾಯಿಗೆ ಹಾಕಿಕೊಂಡರೆ ಕೆಲವೇ ತಾಸು ಸಿಗುತ್ತದೆ. ಬಾಯಿಯಿಂದ ಬೆಳ್ಳುಳ್ಳಿಯಂಥ ವಾಸನೆ ಬಂದು ವಾಂತಿ, ನಡುಕ ಶುರುವಾದರೆ ಹಾಲು, ಎಣ್ಣೆ ಕುಡಿಸುತ್ತಾ ಕೂರಬೇಡಿ, ಕೊಬ್ಬು ಆ ವಿಷ ಮೈಗೆ ಹತ್ತುವುದಕ್ಕೆ ಸಹಾಯ ಮಾಡುತ್ತದೆ. ನೇರ ಆಸ್ಪತ್ರೆಗೆ ಓಡಿ. ಇಲಿ ಇದ್ದಲ್ಲಿ ಹಾವೂ ಇರುತ್ತದೆ. ಚಳಿಯಲ್ಲಿ ಹಾವು ಇಲ್ಲ ಅಂತ ನಂಬಬೇಡಿ. ಕೊಳಕುಮಂಡಲ ಈ ದಿನಗಳಲ್ಲಿ ಬಿಸಿಲು ಕಾಯಲು ಹಗಲಲ್ಲೇ ಬದುವಿಗೆ ಬರುತ್ತದೆ. ಹುಲ್ಲಿನ ಬಣವೆಗೆ ಮೂಗು ತೂರಿಸಲು ಬಿಡಬೇಡಿ.

ಮುಳ್ಳಿನದು ನಮ್ಮ ಸೀಮೆಯ ಖಾಸಾ ತೊಂದರೆ. ಮಳೆಗಾಲದಲ್ಲಿ ಹಸಿರಾಗಿದ್ದ ನೆಗ್ಗಿಲು ಈಗ ಒಣಗಿ ದಾರಿ ತುಂಬ ಚೆಲ್ಲಿರುತ್ತದೆ, ಉತ್ತರಾಣಿ ಕೂದಲಿಗೆ ಅಂಟುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಜಾಲಿ. ಬೇರೆ ಜಿಲ್ಲೆಯವರು ಅದಕ್ಕೆ ‘ಬಳ್ಳಾರಿ ಜಾಲಿ’ ಅಂತಲೇ ಹೆಸರಿಟ್ಟಿದ್ದಾರೆ, ನಮಗೆ ಅಂಥ ಕೀರ್ತಿ! ಅದರ ಮುಳ್ಳು ಪಾದದ ಮೆತ್ತೆಯಲ್ಲಿ ಮುರಿದು ಒಳಗೇ ಉಳಿಯುತ್ತದೆ, ವಾರದ ಮೇಲೆ ಕೀವು ಕಟ್ಟುತ್ತದೆ. ವಾಕಿಂಗ್ ಮುಗಿದ ಮೇಲೆ ಉಗುರುಬೆಚ್ಚಗಿನ ನೀರಲ್ಲಿ ನಾಲ್ಕೂ ಪಾದ ತೊಳೆದು, ಬೆರಳ ಸಂದಿ ಒರೆಸಿ ನೋಡಿ. ತುದಿ ಕಂಡರೆ ಚಿಮಟದಿಂದ ತೆಗೆಯಿರಿ. ಕಾಣದಿದ್ದರೆ ಪಿನ್ನಿನಲ್ಲಿ ಕೆದಕಬೇಡಿ.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗುವಾಗ ಅವನನ್ನೂ ಕರೆದೊಯ್ಯುವ ರೂಢಿ ಇರಬಹುದು. ಚರಗ ಚೆಲ್ಲಿದ ಮೇಲೆ ಎಲ್ಲರೂ ಒಂದೊಂದು ತುತ್ತು ಹಾಕುತ್ತಾರೆ. ಸಜ್ಜಿ ರೊಟ್ಟಿಯ ಚೂರು ಪರವಾಗಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಜಾಸ್ತಿ ಹಾಕಿದ ಪಲ್ಯ, ದ್ರಾಕ್ಷಿ, ಒಣದ್ರಾಕ್ಷಿ ಬೇಡ. ಈರುಳ್ಳಿ ರಕ್ತಕಣ ಒಡೆಯುತ್ತದೆ, ದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತದೆ. ಶೇಂಗಾ ಹೋಳಿಗೆ ವಿಷವಲ್ಲ, ಆದರೆ ಬ್ರೂನೋಗೆ ಅದೂ ಬೇಡ. ಯಾಕಂದರೆ ನಾವು ಈಗ ತೂಕದ ಮಾತಿಗೆ ಬರಬೇಕು.

ಗಂಡು ಲ್ಯಾಬ್ರಡಾರ್ ಸಾಮಾನ್ಯವಾಗಿ 29ರಿಂದ 36 ಕೆ.ಜಿ. ಇರಬೇಕು. ಬ್ರೂನೋ 41. ಇದರಲ್ಲಿ ಅವನ ತಪ್ಪು ಕಡಿಮೆ. ಆ ತಳಿಯಲ್ಲಿ ಸುಮಾರು ನಾಲ್ಕರಲ್ಲಿ ಒಂದು ನಾಯಿಗೆ ಪಿಒಎಂಸಿ ಅನ್ನುವ ಜೀನಿನಲ್ಲಿ ಒಂದು ತುಣುಕು ಇರುವುದಿಲ್ಲ, ಅದರಿಂದ ಹೊಟ್ಟೆ ತುಂಬಿದ್ದೇ ತಿಳಿಯುವುದಿಲ್ಲ. ತಟ್ಟೆ ಮುಂದೆ ಕೂತು ಅವನು ನೋಡುವ ನೋಟಕ್ಕೆ ಕರಗಿ ಅಜ್ಜಿ ಅರ್ಧ ರೊಟ್ಟಿ, ಮಗ ಬಿಸ್ಕೀಟು, ನೀವು ಹಾಲು ಅನ್ನ. ಪ್ರತಿಯೊಬ್ಬರಿಗೂ ತಾವು ಕೊಟ್ಟದ್ದಷ್ಟೇ ನೆನಪು. ‘ಚಳಿಗಾಲದಲ್ಲಿ ಜಾಸ್ತಿ ತಿನ್ನಿಸಬೇಕು’ ಅನ್ನುವುದು ಹಿಮದಲ್ಲಿ ಬಯಲಲ್ಲಿ ಮಲಗುವ ನಾಯಿಯ ಲೆಕ್ಕ. 48 ಲ್ಯಾಬ್ರಡಾರ್‌ಗಳನ್ನು ಹುಟ್ಟಿನಿಂದ ಸಾವಿನ ತನಕ ಗಮನಿಸಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಜೊತೆಯ ನಾಯಿಗಿಂತ ಕಾಲುಭಾಗ ಕಡಿಮೆ ತಿಂದ ನಾಯಿಗಳು ಸುಮಾರು 1.8 ವರ್ಷ ಜಾಸ್ತಿ ಬದುಕಿದವು, ಅವಕ್ಕೆ ಕೀಲು ನೋವು ಶುರುವಾಗಿದ್ದೂ ತಡವಾಗಿ. ಕೀಲು ಸವೆದ ದಪ್ಪ ನಾಯಿಗಳಲ್ಲಿ ತೂಕ ಶೇ 6ರಿಂದ 8 ಇಳಿದರೆ ಸಾಕು, ಕುಂಟುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ. ಬ್ರೂನೋಗೆ ಅದು ಮೊದಲ ಹಂತದಲ್ಲಿ ಎರಡೂವರೆಯಿಂದ ಮೂರು ಕೆ.ಜಿ., ಎರಡು ಮೂರು ತಿಂಗಳ ಕೆಲಸ. ಬೆಳಿಗ್ಗೆಯೇ ದಿನದ ಊಟ ಅಳೆದು ಒಂದು ಡಬ್ಬಿಗೆ ಹಾಕಿ. ಯಾರು ಏನು ಕೊಟ್ಟರೂ ಅದರೊಳಗಿಂದಲೇ ಕೊಡಬೇಕು. ಡಬ್ಬಿ ಖಾಲಿಯಾದರೆ ಮುಗಿಯಿತು.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳು. ಅತ್ತೆಯವರು ಹೇಳಿದಂತೆ ಶಿವರಾತ್ರಿ ತನಕ ನಿಲ್ಲಿಸಿದರೆ ಚಳಿ ‘ಶಿವ ಶಿವಾ’ ಅಂತ ಹೋಗುತ್ತದೆ, ಆದರೆ ಅಷ್ಟರಲ್ಲಿ ತೊಡೆಯ ಸ್ನಾಯು ಕರಗಿರುತ್ತದೆ, ತೂಕ ಏರಿರುತ್ತದೆ. ಮಾರ್ಚ್‌ನಲ್ಲಿ ಬಿಸಿಲಿಗೆ ನಡೆಸಲೂ ಆಗುವುದಿಲ್ಲ. ಹಳೆಯ ಹೊತ್ತಿಗೇ ಹೋದರೆ ಕತ್ತಲು, ನಾಯಿ, ಧೂಳು. ಹೊತ್ತು ಬದಲಿಸಿ ಸಣ್ಣ ನಡಿಗೆ, ತೂಕ, ಹಾಸಿಗೆ, ಚೆಂಡಾಟ ಬಂದ್. ಇಷ್ಟು ಮಾಡಿದರೆ ಎರಡು ಮೂರು ವಾರದಲ್ಲೇ ಒಂದಿಷ್ಟು ಸುಧಾರಣೆ ಕಾಣಬೇಕು. ಕಾಣದಿದ್ದರೆ ಎಕ್ಸ್-ರೇ ಮತ್ತು ರಕ್ತ ಪರೀಕ್ಷೆ. ಆಗ ಡಾಕ್ಟರು ಮೆಲಾಕ್ಸಿಕಾಮ್ ಅಥವಾ ಕಾರ್ಪ್ರೊಫೆನ್‌ನಂಥ ನೋವಿನ ಮದ್ದು ಬರೆಯಬಹುದು. ನಾಯಿಗೆಂದೇ ತೂಕ ನೋಡಿ ಕೊಡುವ ಅಳತೆಯಲ್ಲಿ ಅವು ಒಳ್ಳೆಯ ಔಷಧ, ಆದರೂ ಮೂತ್ರಪಿಂಡ, ಯಕೃತ್ತು ಸರಿ ಇದೆಯಾ ನೋಡಿಯೇ ಶುರು ಮಾಡಬೇಕು, ಊಟದ ಜೊತೆ ಕೊಡಬೇಕು. ಕೀಲಿನ ಟಾನಿಕ್ ಅಂತ ಮಾರುವ ಗ್ಲುಕೋಸಮೈನ್ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಮೀನಿನೆಣ್ಣೆಗೆ ಅದಕ್ಕಿಂತ ಒಳ್ಳೆಯ ಆಧಾರವಿದೆ, ಅಳತೆಯನ್ನು ಡಾಕ್ಟರನ್ನೇ ಕೇಳಿ. ನೋವಿನ ಔಷಧ ಕೊಟ್ಟ ದಿನ ನಾಯಿ ಲವಲವಿಕೆಯಿಂದ ಓಡಿತು ಅಂತ ಮತ್ತೆ ಮಾಳಿಗೆಗೆ ಬಿಡಬೇಡಿ. ನೋವು ಮರೆತಿದೆ, ಕೀಲು ಬದಲಾಗಿಲ್ಲ.

ಮಗನಿಗೆ ಬೇಸರ ಆಗುತ್ತದೆ, ನಾಯಿಗೂ ಆಗುತ್ತದೆ. ಚೆಂಡಿನ ಬದಲು ಹುಡುಕುವ ಆಟ ಕಲಿಸಿ. ಡಬ್ಬಿಯ ಊಟದಿಂದ ಹತ್ತು ಕಾಳು ತೆಗೆದು ಹಳೆಯ ಗೋಣಿಯ ಮಡಿಕೆಗಳಲ್ಲಿ, ಬಾಗಿಲ ಹಿಂದೆ, ಕುಂಡದ ಪಕ್ಕ ಬಚ್ಚಿಡಲಿ. ಮೂಗು ಹಚ್ಚಿ ಕಾಲು ತಾಸು ಹುಡುಕಿದರೂ ನಾಯಿ ಚೆನ್ನಾಗಿ ದಣಿಯುತ್ತದೆ.

ಡಾಕ್ಟರ ಹತ್ತಿರ ಹೋಗುವ ಮುಂಚೆ ಒಂದು ಕೆಲಸ ಮಾಡಿ. ನಾಳೆ ಬೆಳಿಗ್ಗೆ ಬ್ರೂನೋ ಮಲಗಿದಲ್ಲಿಂದ ಏಳುವುದನ್ನೂ, ಮೊದಲ ಇಪ್ಪತ್ತು ಹೆಜ್ಜೆಯನ್ನೂ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ, ಹಿಂದಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ. ಆಸ್ಪತ್ರೆಯ ವಾಸನೆಗೆ, ಬೇರೆ ನಾಯಿಗಳ ಬೊಗಳಿಗೆ ನಾಯಿಯ ಮೈ ಬಿಗಿದು ನೋವು ಮರೆಯಾಗುತ್ತದೆ. ಮನೆಯಲ್ಲಿ ಕುಂಟಿದ ನಾಯಿ ನನ್ನ ಮುಂದೆ ಕುದುರೆಯಂತೆ ನಡೆದು ಹೋಗುವುದನ್ನೂ, ‘ದೇವರಾಣೆ ಡಾಕ್ಟ್ರೇ, ಬೆಳಿಗ್ಗೆ ಕುಂಟ್ತಿತ್ತು’ ಅಂತ ಮಾಲೀಕರು ಮುಖ ಸಣ್ಣಗೆ ಮಾಡಿಕೊಳ್ಳುವುದನ್ನೂ ಎಷ್ಟೋ ಸಲ ನೋಡಿದ್ದೇನೆ.